ಬೇಕಲದ ಕಡಲ ಕರೆಯಲ್ಲಿ

ಮಕ್ಕಳೇ, ನೀವು ಬೇಕಲ ಕೋಟೆಯನ್ನು ನೋಡಿದ್ದೀರಾ? ಕಾಸರಗೋಡಿನಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಕಳನಾಡು, ಕೋಟಿಕುಳಂ ದಾಟಿದರೆ ಬೇಕಲ ಕೋಟೆಯ ನಿಲ್ದಾಣ ಸಿಗುತ್ತದೆ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದು. ಸುಮಾರು 40 ಎಕರೆ ವಿಸ್ತಾರ, ಮುರಕಲ್ಲಿನ ಗೋಡೆ. ಕೋಟೆಯ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. ಈಗ ಹೇಳುವುದು ಅದರ ಸಮೀಪದ ಕಡಲ ಕರೆಯ ಮಾತು.

ಒಂದು ರಜಾದಿನ ಅಲ್ಲಿ ಮರಳಿನ ಮೇಲೆ ನಡೆಯುತ್ತಿದ್ದೆ. ಕಣ್ಣೆಲ್ಲ ತೆರೆಗಳ ಮೇಲೆ. ಕಾಲಿಗೆ ಏನೋ ತೊಡಕಿತು. ನೋಡಿದರೆ, ಒಣಗಲು ಹರಡಿದ್ದ ಬಲೆಯ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದೇನೆ! ಬಲೆಯ ಎರಡು ಕಣ್ಣು ಹರಿದೂ ಹೋಗಿತ್ತು. ತೆಂಗಿನ ನೆರಳಿನಲ್ಲಿ ಕುಳಿತಿದ್ದ ಅಜ್ಜ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. "ಮಾಷೇ, ಉಣ್ಣುವ ಎಲೆಯನ್ನು ಯಾರಾದರೂ ತುಳಿಯುತ್ತಾರಾ?" ಎಂದು ಮಲೆಯಾಳದಲ್ಲಿ ಕೇಳಿದರು, ಅಷ್ಟೆ. ನಾನು ಮಾಷ್ಟ್ರು ಎಂದು ಅವರಿಗೆ ಹೇಗೆ ತಿಳಿಯಿತೋ! ಕೈಯಲ್ಲಿದ್ದ ಕೊಡೆಯೇ ಹೇಳಿರಬೇಕು.

ನನಗೆ ತುಂಬ ನಾಚಿಕೆಯಾಯಿತು. ಚಪ್ಪಲಿ ಕಳಚಿಟ್ಟು, ಬಲೆಯ ತುದಿ ಹಿಡಿದು ಕುಳಿತೆ. ಅವರು ಹರಿದ ಕಣ್ಣುಗಳನ್ನು ನೂಲಿನಿಂದ ಕಟ್ಟತೊಡಗಿದರು.

1995ರಲ್ಲಿ ಬೇಕಲದ ಪ್ರವಾಸೋದ್ಯಮಕ್ಕಾಗಿ ಸರಕಾರ ಒಂದು ನಿಗಮವನ್ನು ಸ್ಥಾಪಿಸಿತು. ಆಮೇಲೆ ದೊಡ್ಡ ದೊಡ್ಡ ಹೋಟೆಲುಗಳು ಬಂದವು. ಅಜ್ಜನ ಮೊಮ್ಮಗನಿಗೆ ಅಂತಹ ಒಂದರಲ್ಲಿ ಕೆಲಸ. "ಅವನಿಗೆ ತಿಂಗಳ ಸಂಬಳ. ನನಗೆ ಕಡಲು ಕೊಟ್ಟಾಗ ಸಂಬಳ" ಎಂದು ನಕ್ಕರು.

ಕಡಲು ಕೊಡದ ಕಾಲವೂ ಬಂದಿತ್ತು. ನಾವು ಬೂತಾಯಿ ಎನ್ನುವ ಮೀನಿಗೆ ಅಲ್ಲಿ ಮತ್ತಿ ಎನ್ನುತ್ತಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ! ಆ ವರ್ಷ ಅಜ್ಜನ ದೋಣಿ ಎಷ್ಟೋ ದಿನ ಬರಿದಾಗಿ ಮರಳಿತಂತೆ. ಡೀಸೆಲಿನ ಸಾಲ ಮಾತ್ರ ಬೆಳೆಯಿತು. ಮರುವರ್ಷ ಮೀನು ಮತ್ತೆ ಬಂತು. 1 ಲಕ್ಷ ಟನ್ ದಾಟಿತು.

"ಮರಿಗಳನ್ನು ಬಿಟ್ಟರೆ ತಾನೇ ಬರುವುದು?" ಎಂದ ಅಜ್ಜ ಬೆರಳು ಚಾಚಿ ಅಳತೆ ತೋರಿಸಿದರು. 10 ಸೆಂಟಿಮೀಟರಿಗಿಂತ ಚಿಕ್ಕ ಮತ್ತಿಯನ್ನು ಹಿಡಿಯಬಾರದೆಂದು ನಿಯಮವಿದೆ. ಆದರೂ ಮೀನಿನ ಹುಡಿ ಮಾಡುವ ಕಾರ್ಖಾನೆಗಳಿಗೆ ಮರಿಗಳನ್ನು ಮಾರುವವರಿದ್ದಾರೆ.

ಅಷ್ಟರಲ್ಲಿ ಒಂದು ದೋಣಿ ಬಂತು. ಬೋಗುಣಿ ಹಿಡಿದ ಹೆಂಗಸರು ಓಡಿದರು. ಅಜ್ಜ ನೂಲನ್ನು ಹಲ್ಲಿನಲ್ಲಿ ಕಡಿದು ಅವರ ಹಿಂದೆ ನಡೆದರು. ನಾನು ಬಲೆಯನ್ನು ಸುತ್ತಿ ಬಳಸಿ ನಿಲ್ದಾಣದ ಕಡೆಗೆ ಹೊರಟೆ. ಚಪ್ಪಲಿ ಕೈಯಲ್ಲೇ ಇತ್ತು.