ದುಡ್ಡು ಕೊಟ್ಟು ಕೊಳ್ಳುವ ಕೆಟ್ಟ ರಸ್ತೆ

ಬಗ್ಗಿ ಸವಾರಿ ಕೆರಿಬಿಯನ್ ರಜೆಯಲ್ಲಿ ಅರ್ಧ ದಿನದ ಬಾಬತ್ತು. ಡೊಮಿನಿಕನ್ ರಿಪಬ್ಲಿಕ್ಕಿನ ಪೂರ್ವ ತುದಿಯ ಪುಂತಾ ಕಾನಾದಲ್ಲಂತೂ ಅದು ಊಟದಷ್ಟೇ ಸಾಮಾನ್ಯ. ಹೋಟೆಲಿನ ಕೈಪಟ್ಟಿ ಕಟ್ಟಿಸಿಕೊಂಡು, ಎರಡು ದಿನ ಮರಳಿನ ಮೇಲೆ ಹೊರಳಾಡಿ, ಮೂರು ಹೊತ್ತೂ ಬಫೆಯಲ್ಲಿ ಉಂಡು ಬೇಸತ್ತವರು ಮೂರನೆಯ ದಿನ ತಾವಾಗಿಯೇ ಹೋಗಿ ಹೆಸರು ಬರೆಸುತ್ತಾರೆ. ಇದಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟಿನ ಗಾಡಿ, ಹೆಲ್ಮೆಟ್ಟು, ಮೂಗು ಬಾಯಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ, ಮತ್ತು ಯಾರೂ ರಿಪೇರಿ ಮಾಡದ ರಸ್ತೆ. ಇವುಗಳಲ್ಲಿ ಕೊನೆಯದೇ ಮುಖ್ಯ. ನುಣುಪಾದ ಡಾಂಬರಿನ ಮೇಲೆ ಇದೇ ಗಾಡಿಯನ್ನು ಓಡಿಸಲು ಯಾರೂ ಬಿಡಿಗಾಸು ಕೊಡುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಊರು ಅಪರಿಚಿತವಲ್ಲ. ನ್ಯೂಯಾರ್ಕಿನಿಂದ ನಾಲ್ಕು ಗಂಟೆಯ ವಿಮಾನ. ಭಾರತೀಯರ ಮದುವೆಗಳೂ ಇಲ್ಲಿಯ ಕಡಲತೀರದ ಹೋಟೆಲುಗಳಲ್ಲಿ ಓಲಗದ ಬದಲು ಡಿಜೆ ಇಟ್ಟುಕೊಂಡು ನಡೆಯುತ್ತವೆ. ತಾಯ್ನಾಡಿಗೆ ಹೋದಾಗಲೆಲ್ಲ ಬೆಂಗಳೂರಿನ ರಸ್ತೆ ಗುಂಡಿಗಳಿಗೆ ಶಾಪ ಹಾಕುವ ಮಂದಿ ಇಲ್ಲಿ ಡಾಲರು ತೆತ್ತು ಗುಂಡಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇದು ವಿಚಿತ್ರವಾಗಿ ಕಂಡರೂ ಲೆಕ್ಕ ಸರಿಯಾಗಿಯೇ ಇದೆ. ಕೆಟ್ಟ ರಸ್ತೆ ಮೋಜೆನಿಸಬೇಕಾದರೆ ಅದರ ಎರಡೂ ತುದಿಗೆ ಒಳ್ಳೆಯ ರಸ್ತೆ ಇರಬೇಕು. ಒಂದೇ ತುದಿಗಿದ್ದರೆ ಅದು ಹಳ್ಳಿ. ಎರಡೂ ತುದಿಗೆ ಇಲ್ಲದಿದ್ದರೆ ಅದು ಬದುಕು.

ಮೊದಲು ಗಾಡಿಯ ವಿಚಾರ. ಬಗ್ಗಿಯನ್ನು ಜನಪ್ರಿಯಗೊಳಿಸಿದವರು ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್. ಫೈಬರ್ ಗ್ಲಾಸಿನ ದೋಣಿ ಕಟ್ಟುವ ಕೆಲಸದಲ್ಲಿ ಪಳಗಿದ ಕೈ ಅವರದು. 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಯಂತ್ರಭಾಗಗಳಿಗೆ ಫೈಬರ್ ಗ್ಲಾಸಿನ ಹಗುರ ಒಡಲು ತೊಡಿಸಿ, ಮೇಯರ್ಸ್ ಮ್ಯಾಂಕ್ಸ್ ಎಂದು ಹೆಸರಿಟ್ಟರು. ಬೀಟಲ್ಲಿನ ಎಂಜಿನ್ನು ಹಿಂದುಗಡೆ ಇರುತ್ತದೆ. ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಮರಳಿನಲ್ಲಿ ಹಿಡಿತ ಸಿಗುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ನಾದ್ದರಿಂದ ರೇಡಿಯೇಟರಿಗೆ ನೀರು ಹೊಯ್ಯುವ ಗೊಡವೆಯಿಲ್ಲ. 1967ರಲ್ಲಿ ಮೆಕ್ಸಿಕೊದ ಬಾಹಾ ಪರ್ಯಾಯ ದ್ವೀಪದ ಉದ್ದಕ್ಕೂ, ಲಾ ಪಾಸ್‌ನಿಂದ ಟಿಹುವಾನಾವರೆಗೆ, 35 ಗಂಟೆಯೊಳಗೆ ಓಡಿಸಿ ಮೇಯರ್ಸ್ ಮತ್ತು ಸಂಗಡಿಗ ಮೋಟಾರ್ ಸೈಕಲ್ಲಿನ ದಾಖಲೆ ಮುರಿದರು. ಅಲ್ಲಿಂದ ಮುಂದೆ ನಕಲು ಮಾಡುವವರ ಕಾಲ ಬಂತು. ಪೇಟೆಂಟಿನ ಮೊಕದ್ದಮೆಯಲ್ಲಿ ಮೇಯರ್ಸ್ ಸೋತರು, ಬಗ್ಗಿ ಗೆದ್ದಿತು. 2021ರಲ್ಲಿ, 94ನೆಯ ವಯಸ್ಸಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಅನೇಕ ಕಡಲತೀರಗಳಲ್ಲಿ ಅದರ ಸಂತಾನ ಓಡಾಡುತ್ತಿತ್ತು.

ಪ್ರವಾಸಿಗರ ಕೈಗೆ ಇಂದು ಸಿಗುವುದು ಹೆಚ್ಚಾಗಿ ಆ ವಂಶದ ಕಿರಿಯ ಪೀಳಿಗೆ. ಅಮೆರಿಕದ ಪೊಲಾರಿಸ್ ಕಂಪನಿ 2007ರಲ್ಲಿ ಹೊರತಂದ ಆರ್‌ಜೆಡ್‌ಆರ್ ಮತ್ತು ಅದರ ಪ್ರತಿಸ್ಪರ್ಧಿಗಳಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಬೆಲ್ಟಿನ ಚಾಲನೆಯಾದ್ದರಿಂದ ಗೇರು ಬದಲಿಸುವ ಕೆಲಸವಿಲ್ಲ. ಸ್ಪ್ರಿಂಗುಗಳು ಉದ್ದಕ್ಕೆ ಆಡುವುದರಿಂದ ನಾಲ್ಕೂ ಗಾಲಿಗಳು ನಾಲ್ಕು ಬೇರೆ ಬೇರೆ ಎತ್ತರದಲ್ಲಿದ್ದರೂ ಗಾಡಿ ಮುಂದೆ ಸಾಗುತ್ತದೆ. ಮಗುಚಿದರೆ ತಲೆ ಉಳಿಯಲಿ ಎಂದೇ ಮೇಲೆ ಕೊಳವೆಯ ಚೌಕಟ್ಟು. ಹೊರಡುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಏನೇ ಆದರೂ ಅದು ಪ್ರವಾಸಿಯ ತಪ್ಪೇ ಎಂಬುದು ಆ ಕಾಗದದ ತಾತ್ಪರ್ಯ. ಅದನ್ನು ಪೂರ್ತಿ ಓದಿದವರಿಗೆ ಸವಾರಿಗೆ ಹೊತ್ತಾಗಿಬಿಡುತ್ತದೆ.

ಇನ್ನು ರಸ್ತೆ. 1969ರಲ್ಲಿ ನ್ಯೂಯಾರ್ಕಿನ ವಕೀಲ ಥಿಯೋಡರ್ ಖೀಲ್ ಮತ್ತು ಸ್ನೇಹಿತರು ಇಲ್ಲಿಯ ಕರಾವಳಿ ಕಾಡನ್ನು ಕೊಂಡಾಗ, ಅದರೊಳಕ್ಕೆ ಹೋಗುವ ದಾರಿಯೇ ಸರಿಯಾಗಿರಲಿಲ್ಲ. ಡೊಮಿನಿಕನ್ ಯುವಕ ಫ್ರಾಂಕ್ ರೈನಿಯೇರಿ ಅವರ ಜೊತೆಗೂಡಿದರು. 1971ರಲ್ಲಿ ನಲವತ್ತು ಮಂದಿ ಉಳಿಯಬಹುದಾದ ಪುಟ್ಟ ಹೋಟೆಲು ಎದ್ದಿತು. ನೆಲದ ಮೇಲೆ ಅತಿಥಿಗಳನ್ನು ಕರೆತರುವುದೇ ಕಷ್ಟವಾದಾಗ ಆಕಾಶದಿಂದ ತರುವ ಯೋಚನೆ ಹೊಳೆಯಿತು. 1983ರಲ್ಲಿ ಖಾಸಗಿ ವಿಮಾನ ನಿಲ್ದಾಣವೇ ತೆರೆಯಿತು. ಅದರ ಮಾಡು ತಾಳೆಗರಿಯದು. 2012ರಲ್ಲಿ ಲಾ ರೊಮಾನಾದಿಂದ ಕೊರಲ್ ಹೆದ್ದಾರಿ ಬಂದ ಮೇಲೆ ರಾಜಧಾನಿ ಸಾಂತೊ ದೊಮಿಂಗೊ ಹತ್ತಿರವಾಯಿತು. ನಲವತ್ತು ವರ್ಷ ಒಳ್ಳೆಯ ರಸ್ತೆಗಾಗಿ ಹೆಣಗಿದ ಊರು ಪಕ್ಕದ ಕೆಟ್ಟ ರಸ್ತೆಗಳಿಗೂ ದರ ನಿಗದಿ ಮಾಡಿತು. ವ್ಯಾಪಾರ ತಿಳಿದವರಿಗೆ ಯಾವುದೂ ವ್ಯರ್ಥವಲ್ಲ.

ಸವಾರಿ ಸಾಲಾಗಿ ಹೊರಡುತ್ತದೆ. ಮುಂದೊಬ್ಬ, ಹಿಂದೊಬ್ಬ ಗೈಡು. ನಡುವೆ ಹತ್ತಾರು ಬಗ್ಗಿಗಳು. ಮೊದಲ ಬಗ್ಗಿಯವರಿಗೆ ನೋಟ ಸಿಗುತ್ತದೆ, ಉಳಿದವರಿಗೆ ಧೂಳು. ಈ ಭಾಗದ ನೆಲವೆಲ್ಲ ಹಿಂದೆ ಸಮುದ್ರದಡಿ ಬೆಳೆದ ಹವಳದ ಸುಣ್ಣಕಲ್ಲು. ಒಣ ದಿನಗಳಲ್ಲಿ ಅದು ಹಿಟ್ಟಾಗಿ ಏಳುತ್ತದೆ, ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ ಕೂರುತ್ತದೆ. ಮಳೆಯಾಗಿದ್ದರೆ ಅದೇ ದಾರಿ ಮೊಣಕಾಲುದ್ದದ ಕೆಸರು. ದೊಡ್ಡ ಗುಂಡಿಯ ಪಕ್ಕದಲ್ಲಿ ಫೋಟೊಗ್ರಾಫರು ಮೊದಲೇ ಹೋಗಿ ನಿಂತಿರುತ್ತಾನೆ. ಕ್ಯಾಮರಾ ಕಂಡೊಡನೆ ಎಂಥ ಸಾಧು ಲೆಕ್ಕಪರಿಶೋಧಕನ ಕಾಲೂ ಆಕ್ಸಿಲರೇಟರನ್ನು ಒತ್ತುತ್ತದೆ.

ಮೊದಲ ನಿಲುಗಡೆ ಒಂದು ಹಳ್ಳಿಮನೆ. ಹಲಗೆಯ ಗೋಡೆಗೆ ಗಿಳಿಹಸಿರು, ಗುಲಾಬಿ ಬಣ್ಣ. ಅಂಗಳದಲ್ಲಿ ಒಬ್ಬ ಹೆಂಗಸು ಹುರಿದ ಕಾಫಿಬೀಜವನ್ನು ಸೊಂಟದೆತ್ತರದ ಮರದ ಒರಳಿಗೆ ಸುರಿದು ಒನಕೆಯಿಂದ ಕುಟ್ಟುತ್ತಾಳೆ. ಪುಡಿಯನ್ನು ಬಟ್ಟೆಯ ಚೀಲದಲ್ಲಿ ಸೋಸಿದ ಕಷಾಯ ಸಣ್ಣ ಕಪ್ಪಿನಲ್ಲಿ ಬರುತ್ತದೆ, ಹಾಲಿಲ್ಲ, ಸಕ್ಕರೆ ಧಾರಾಳ. ಕೋಕೋ ಕಾಯಿಯನ್ನು ಒಡೆದು ಬೀಜದ ಸುತ್ತಣ ಹುಳಿಸಿಹಿ ಬಿಳಿ ತಿರುಳನ್ನು ಚೀಪಲು ಕೊಡುತ್ತಾರೆ. ಮರದ ತೊಗಟೆ, ಬೇರುಗಳನ್ನು ರಮ್ಮು, ಕೆಂಪು ವೈನು, ಜೇನಿನಲ್ಲಿ ನೆನೆಹಾಕಿದ ಮಾಮಾಹುವಾನಾ ಎಂಬ ಪಾನೀಯವೂ ಉಂಟು. ಅದು ವಾಸಿ ಮಾಡದ ಕಾಯಿಲೆಯಿಲ್ಲ ಎಂದು ಮಾರುವವರು ಹೇಳುತ್ತಾರೆ. ಗಂಡಸರಿಗೆ ದನಿ ತಗ್ಗಿಸಿ ಇನ್ನಷ್ಟು ಹೇಳುತ್ತಾರೆ.

ಆ ಕಪ್ಪಿನೊಳಗಿನ ಸಕ್ಕರೆಯ ಕಥೆ ಮಾತ್ರ ಸವಾರಿಗಿಂತ ಉದ್ದ. ಪುಂತಾ ಕಾನಾ ಬಿಟ್ಟು ಪಶ್ಚಿಮಕ್ಕೆ, ಲಾ ರೊಮಾನಾ ಮತ್ತು ಸಾನ್ ಪೆದ್ರೊ ದೆ ಮಾಕೊರಿಸ್ ಕಡೆಗೆ ಹೋದಂತೆ ಕಣ್ಣು ಹಾಯುವಷ್ಟು ದೂರ ಕಬ್ಬು. ಅಲ್ಲಿಯ ಮಣ್ಣುದಾರಿಗಳು ಮೋಜಿಗೆ ಆದವಲ್ಲ. ಕಡಿದ ಕಬ್ಬನ್ನು ಎತ್ತಿನ ಗಾಡಿಯಲ್ಲಿ ತೂಕದ ಕಟ್ಟೆಗೆ ಒಯ್ಯಲು ಆದವು. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಕಬ್ಬಿನ ಬಿತ್ತನೆಯನ್ನು ಈ ದ್ವೀಪಕ್ಕೆ ತಂದ. ಇಲ್ಲಿಯ ಮೂಲನಿವಾಸಿ ತೈನೋ ಜನ ಗಣಿಗೂ ದುಡಿಮೆಗೂ ಸಿಡುಬಿಗೂ ಸಿಕ್ಕಿ ಕೆಲವೇ ದಶಕಗಳಲ್ಲಿ ನಾಶವಾಗುತ್ತ ಬಂದಂತೆ ಆಫ್ರಿಕಾದಿಂದ ಗುಲಾಮರನ್ನು ತಂದರು. ಕೊಲಂಬಸ್ಸನ ಮಗ ದಿಯೇಗೊನ ಕಬ್ಬಿನ ತೋಟದಲ್ಲಿ 1521ರ ಕ್ರಿಸ್ಮಸ್ ಹೊತ್ತಿಗೆ ಗುಲಾಮರು ಎದ್ದ ದಂಗೆ ಅಮೆರಿಕ ಖಂಡಗಳಲ್ಲೇ ಮೊದಮೊದಲಿನದು.

ಕನ್ನಡಿಗರಿಗೆ ಕೆರಿಬಿಯನ್ ಎಂದರೆ ಕ್ರಿಕೆಟ್. ಬೆಂಗಳೂರಿನ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದ ಮೊಟ್ಟಮೊದಲ ಟೆಸ್ಟ್ ಪಂದ್ಯದಲ್ಲೇ, 1974ರ ನವೆಂಬರಿನಲ್ಲಿ, ವಿವ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟಿಗೆ ಕಾಲಿಟ್ಟರು. ಅದೇ ಅಂಗಳದಲ್ಲಿ 2013ರಲ್ಲಿ ಜಮೈಕಾದ ಕ್ರಿಸ್ ಗೇಲ್ ಬೆಂಗಳೂರು ತಂಡಕ್ಕಾಗಿ ಅಜೇಯ 175 ಬಾರಿಸಿದರು. ಈ ನೆನಪುಗಳನ್ನು ಹೊತ್ತು ಪುಂತಾ ಕಾನಾಕ್ಕೆ ಬಂದವರಿಗೆ ಕೊಂಚ ನಿರಾಸೆ ಕಾದಿದೆ. ಸ್ಪ್ಯಾನಿಶ್ ಮಾತಾಡುವ ಈ ನಾಡಿನಲ್ಲಿ ಕ್ರಿಕೆಟಿಗ ಲಾರಾನ ಹೆಸರು ಹೇಳಿದರೆ ಗೈಡು ಅದು ಯಾರೋ ಹುಡುಗಿಯೆಂದು ತಿಳಿದಾನು. ಇಲ್ಲಿ ಇರುವುದು ಬೇಸ್‌ಬಾಲ್. ಆದರೆ ಕ್ರಿಕೆಟ್ ಇಲ್ಲಿಗೆ ಬಂದೇ ಇರಲಿಲ್ಲ ಎನ್ನುವಂತಿಲ್ಲ. ಬಂದು, ವೇಷ ಬದಲಿಸಿ ಉಳಿಯಿತು.

1868ರಲ್ಲಿ ಕ್ಯೂಬಾದಲ್ಲಿ ಸ್ವಾತಂತ್ರ್ಯ ಸಮರ ಹೊತ್ತಿಕೊಂಡಾಗ ಅಲ್ಲಿಂದ ಓಡಿಬಂದವರು ಎರಡು ವಿದ್ಯೆ ತಂದರು: ಉಗಿಯಂತ್ರದಲ್ಲಿ ಕಬ್ಬು ಅರೆಯುವುದು, ಬೇಸ್‌ಬಾಲ್ ಆಡುವುದು. ಸಾನ್ ಪೆದ್ರೊ ಸುತ್ತ 1870ರ ದಶಕದಿಂದ ಗಿರಣಿಗಳು ಎದ್ದವು. ಕಡಿಯಲು ಕೈ ಸಾಲದಾದಾಗ ಬ್ರಿಟಿಷರ ಪುಟ್ಟ ದ್ವೀಪಗಳಾದ ಸೇಂಟ್ ಕಿಟ್ಸ್, ನೆವಿಸ್, ಅಂಗ್ವಿಲಾಗಳಿಂದ, ರಿಚರ್ಡ್ಸ್ ಹುಟ್ಟಿದ ಆಂಟಿಗುವಾದಿಂದಲೂ ಕೂಲಿಗಳು ಬಂದರು. ಇವರನ್ನು ಕೊಕೊಲೊಗಳೆಂದು ಕರೆದರು. ಇಗರ್ಜಿ, ಇಂಗ್ಲಿಷು, ಕ್ರಿಕೆಟ್ ಬ್ಯಾಟು ಅವರ ಜೊತೆಗೇ ಬಂದವು. ನುರಿಸುವ ಹಂಗಾಮು ಮುಗಿದು ಕೂಲಿ ನಿಂತ ತಿಂಗಳುಗಳಲ್ಲಿ ಆಟವೊಂದೇ ಕೆಲಸ. ಮಕ್ಕಳ ಕಾಲಕ್ಕೆ ಚಪ್ಪಟೆ ಬ್ಯಾಟು ಗುಂಡಗಾಯಿತು, ಕಣ್ಣು ಮತ್ತು ಕೈ ಹಾಗೆಯೇ ಉಳಿದವು. ಕೊಕೊಲೊಗಳ ನೃತ್ಯನಾಟಕವನ್ನು 2005ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಸಾರಿತು. ಅವರ ಕ್ರಿಕೆಟ್ಟಿಗೆ ಅಂಥ ಪ್ರಮಾಣಪತ್ರ ಸಿಗಲಿಲ್ಲ. ಅದಕ್ಕೆ ಅಮೆರಿಕದ ಡಾಲರು ಸಿಕ್ಕಿತು. ಕಾನ್ಸುವೆಲೊ ಎಂಬ ಗಿರಣಿಯೂರಿನ ರಿಕೊ ಕಾರ್ಟಿ 1970ರಲ್ಲಿ ನ್ಯಾಷನಲ್ ಲೀಗಿನ ಅಗ್ರ ಬ್ಯಾಟರ್ ಆದರು. ಸಾನ್ ಪೆದ್ರೊದ ಜಾರ್ಜ್ ಬೆಲ್ 1987ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರ. ಅದೇ ಊರಿನ ಬೀದಿಯಲ್ಲಿ ಬೂಟ್ ಪಾಲಿಷ್ ಮಾಡುತ್ತಿದ್ದ ಸ್ಯಾಮಿ ಸೊಸಾ 1998ರಲ್ಲಿ 66 ಹೋಮ್ ರನ್ ಹೊಡೆದರು. 2008ರ ವೇಳೆಗೆ ಈ ಒಂದೇ ಊರಿನಿಂದ ಅಮೆರಿಕದ ಮೇಜರ್ ಲೀಗ್ ತಲುಪಿದವರು 70ಕ್ಕೂ ಹೆಚ್ಚು.

ಬೀದಿಯಲ್ಲಿ ಇಂದಿಗೂ ಹುಡುಗರು ಆಡುವುದು ವಿತಿಯಾ. ಪೊರಕೆಯ ಕೋಲು ಬ್ಯಾಟು, ನೀರಿನ ಕ್ಯಾನಿನ ಪ್ಲಾಸ್ಟಿಕ್ ಮುಚ್ಚಳ ಚೆಂಡು. ಗಾಳಿಯಲ್ಲಿ ತೇಲಿ, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಾರುವ ಮುಚ್ಚಳಕ್ಕೆ ಕೋಲು ತಾಗಿಸಬಲ್ಲವನಿಗೆ ನಿಜವಾದ ಚೆಂಡು ಲೆಕ್ಕಕ್ಕಿಲ್ಲ. ನಮ್ಮ ಚಿನ್ನಿದಾಂಡಿನಂತೆ ಇದಕ್ಕೂ ಖರ್ಚಿಲ್ಲ, ಆದರೆ ಚಿನ್ನಿದಾಂಡು ಆಡಿದವರನ್ನು ಹುಡುಕಿಕೊಂಡು ಯಾರೂ ಚೆಕ್ ಪುಸ್ತಕ ಹಿಡಿದು ಬರಲಿಲ್ಲ. ಮೇಜರ್ ಲೀಗಿನ ಮೂವತ್ತೂ ತಂಡಗಳು ಈ ದೇಶದಲ್ಲಿ ತರಬೇತಿ ಅಕಾಡೆಮಿ ಇಟ್ಟಿವೆ. ಹದಿನಾರಕ್ಕೆ ಸಹಿ ಹಾಕುವ ಹುಡುಗರಲ್ಲಿ ಬಹುಪಾಲು ಮೇಲಿನ ಲೀಗನ್ನು ಕಾಣದೆ ಮರಳುತ್ತಾರೆ. ಮರಳುವ ದಾರಿಯೂ ಕಬ್ಬಿನ ನಡುವಿನದೇ.

ಆಟವನ್ನು ಸರ್ವಾಧಿಕಾರಿಯೂ ಬಿಡಲಿಲ್ಲ. 1937ರಲ್ಲಿ ರಫಾಯೆಲ್ ಟ್ರುಹಿಯೊ ತನ್ನ ಹೆಸರು ಹೊತ್ತ ರಾಜಧಾನಿಯ ತಂಡ ಸೋಲಬಾರದೆಂದು ಅಮೆರಿಕದ ನೀಗ್ರೊ ಲೀಗಿನ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಮೊದಲಾದ ಘಟಾನುಘಟಿಗಳನ್ನು ಹಣ ಸುರಿದು ಕರೆಸಿದ. ತಂಡ ಗೆದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಟ್ರುಹಿಯೊ ನೆರೆಯ ಹೈಟಿಯ ಗಡಿಭಾಗದಲ್ಲಿ ಸಾವಿರಾರು ಹೈಟಿಯನ್ನರನ್ನು ಕೊಲ್ಲಿಸಿದ. ಆ ಹೊತ್ತಿಗೆ ಕೊಕೊಲೊಗಳ ಜಾಗಕ್ಕೆ ಹೈಟಿಯ ಕೂಲಿಗಳು ಬಂದಾಗಿತ್ತು. ಗಿರಣಿಗಳಿಗೆ ಕೈ ಬೇಕಿದ್ದುದರಿಂದ ಕಬ್ಬಿನ ತೋಟದವರನ್ನು ಬಹುಮಟ್ಟಿಗೆ ಬಿಟ್ಟರು. ಜೀವ ಉಳಿಸಿದ್ದು ಕರುಣೆಯಲ್ಲ, ಹಂಗಾಮು. ಅವರ ಸಂತತಿ ಇಂದಿಗೂ ಬತೇ ಎಂಬ ತೋಟದ ಲೈನುಮನೆಗಳಲ್ಲಿದೆ. ದಾಖಲೆಯಿಲ್ಲದ ವಲಸಿಗರಿಗೆ 1929ರಿಂದ ಈಚೆಗೆ ಇಲ್ಲಿಯೇ ಹುಟ್ಟಿದ ಮಕ್ಕಳು ಪ್ರಜೆಗಳಲ್ಲವೆಂದು 2013ರಲ್ಲಿ ದೇಶದ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷದ ಕಾನೂನು ಒಂದಷ್ಟು ಜನರನ್ನು ಮಾತ್ರ ಮತ್ತೆ ಪಟ್ಟಿಗೆ ಸೇರಿಸಿತು. ಹುಟ್ಟಿದ ಊರಿನ ಕಚೇರಿಯಲ್ಲೇ ಹುಟ್ಟನ್ನು ರುಜುವಾತು ಮಾಡಲು ಬರಿಗಾಲಿನಲ್ಲಿ ನಡೆಯಬೇಕಾದವನಿಗೆ ಮಣ್ಣುದಾರಿ ಸಾಹಸವೆನಿಸುವುದಿಲ್ಲ.

ಎರಡನೆಯ ನಿಲುಗಡೆ ಗುಹೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಸು ಆಮ್ಲವಾಗುತ್ತದೆ. ಸುಣ್ಣಕಲ್ಲನ್ನು ಸಾವಿರಾರು ವರ್ಷ ಕರಗಿಸಿ ಪೊಳ್ಳು ಮಾಡುತ್ತದೆ. ಛಾವಣಿ ಕುಸಿದಲ್ಲಿ ಕೊಳ ತೆರೆದುಕೊಳ್ಳುತ್ತದೆ. ನೀರು ಸಿಹಿ, ತಣ್ಣಗೆ. ಧೂಳು ಮೆತ್ತಿದವರು ಧುಮುಕಿದ ಕೂಡಲೇ ಅದಕ್ಕೆ ಹಾಲಿನ ಬಣ್ಣ. ಇಂಥ ಗುಹೆಗಳು ತೈನೋಗಳಿಗೆ ಪವಿತ್ರವಾಗಿದ್ದವು, ಮನುಷ್ಯಕುಲ ಹೊರಬಂದದ್ದೇ ಗುಹೆಯಿಂದ ಎಂದು ಅವರ ಪುರಾಣ. ಗೈಡು ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ, ಹಿಂದಿನ ತಂಡ ಕಾಯುತ್ತಿರುತ್ತದೆ.

ಕೊನೆಯದು ಮಾಕಾವ್ ಕಡಲತೀರ. ದೇಶದ ಎಲ್ಲ ಕಡಲತೀರವೂ ಸಾರ್ವಜನಿಕ. 1968ರ ಕಾನೂನಿನಂತೆ ದಡದ 60 ಮೀಟರು ಸರ್ಕಾರದ್ದು. ತೀರ ಎಲ್ಲರದು, ತೀರಕ್ಕೆ ಹೋಗುವ ಗೇಟು ಹೋಟೆಲಿನದು. ಮಾಕಾವಿನಲ್ಲಿ ಅಂಥ ಗೇಟು ಕಾಟ ಕೊಡುವುದಿಲ್ಲವಾದ್ದರಿಂದ ಸ್ಥಳೀಯರ ಸಂಸಾರಗಳು ಪಾತ್ರೆ ಪಗಡದೊಂದಿಗೆ ಬಂದಿರುತ್ತವೆ. ಅಟ್ಲಾಂಟಿಕ್ಕಿನ ಅಲೆ ಇಲ್ಲಿ ಜೋರು, ಈಜಲು ಬಾರದವರು ಮೊಣಕಾಲಿನಾಚೆ ಹೋಗಬಾರದು.

ಹಿಂತಿರುಗಿದ ಮೇಲೆ ಕೆಸರಿನ ಗುಂಡಿಯ ಫೋಟೊಗಳನ್ನು ಪರದೆಯ ಮೇಲೆ ತೋರಿಸಿ ಮಾರುತ್ತಾರೆ, ಚೌಕಾಸಿ ನಡೆಯುತ್ತದೆ. ಬಗ್ಗಿಗಳಿಗೆ ಪೈಪಿನಿಂದ ನೀರು ಹೊಡೆದು ಮಧ್ಯಾಹ್ನದ ತಂಡಕ್ಕೆ ನಿಲ್ಲಿಸುತ್ತಾರೆ, ಸವಾರರು ತಾವೇ ತೊಳೆದುಕೊಳ್ಳಬೇಕು. ಮಣ್ಣಿನ ಕಲೆ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ. ಹಳೆಯದನ್ನೇ ಹಾಕಿಕೊಂಡು ಹೋಗುವುದು ಒಳ್ಳೆಯದು.