ಮೆನೇ ಅಂದರೆ ಮನೆಯಲ್ಲ

ನಮ್ಮ ಕಾಲನಿಯ ಕೊನೇ ಮನೆಯಲ್ಲಿ ಆದಿತ್ಯವಾರ ಸಂಜೆ ತಮಿಳಿನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ನಾವು ಮಾರಿಯಮ್ಮನ ಒಕ್ಕಲು. ಆದರೂ ನಾನು ಹೋಗುತ್ತಿದ್ದೆ, ಕೊನೆಗೆ ಕೊಡುವ ಬೇಯಿಸಿದ ಕಡ್ಲೆಯ ಆಸೆಗೆ. ಒಂದು ಸಂಜೆ ಅಲ್ಲಿಯ ಹಿರಿಯರು ದಾನಿಯೇಲನ ಕತೆ ಓದಿದರು. ಅರಸ ಕುಡಿಯುತ್ತಾ ಕೂತಿದ್ದಾನೆ. ಎಲ್ಲಿಂದಲೋ ಒಂದು ಕೈ ಬಂದು ಗೋಡೆಯ ಗಾರೆಯ ಮೇಲೆ ಬರೆಯುತ್ತದೆ: ಮೆನೇ, ಮೆನೇ, ತೆಕೇಲ್, ಉಪ್ಪಾರ್ಸಿನ್. ನಾನಾಗ ಒಂದನೇ ಕ್ಲಾಸು. ಮನೆಯೊಳಗೆ ತಮಿಳು, ಶಾಲೆಯಲ್ಲಿ ಕನ್ನಡ. 'ಮನೆ' ಅಂತ ಬರೆಯಲು ಕಲಿತದ್ದು ಆ ವಾರವೇ. ನನಗೆ ಕೇಳಿಸಿದ್ದು "ಮನೆ, ಮನೆ". ದೇವರು ಗೋಡೆಯ ಮೇಲೆ ಮನೆ ಮನೆ ಅಂತ ಬರೆದ. ಯಾರ ಹೆಸರಿಗೂ ಮನೆ ಇಲ್ಲದ ಜಾಗದಲ್ಲಿ ಬೆಳೆಯುತ್ತಿದ್ದ ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಪುತ್ತೂರು, ಸುಳ್ಯ, ಕಡಬದ ಕಡೆ ಬಸ್ಸಿನಲ್ಲಿ ಓಡಾಡುವವರು 'ಸಿ.ಆರ್.ಸಿ. ಕಾಲನಿ' ಎಂಬ ಕೂಗು ಕೇಳಿರುತ್ತಾರೆ. ಸಿಲೋನಿನಿಂದ ವಾಪಸು ಬಂದವರು ನಾವು. ವಾಪಸು ಅನ್ನುವುದು ಸರಕಾರದ ಮಾತು. ನನ್ನ ಪಾಟಿ ಹುಟ್ಟಿದ್ದೇ ಅಲ್ಲಿ, ಚಹಾ ತೋಟದ ಲೈನ್ ಮನೆಯಲ್ಲಿ. ಹುಟ್ಟದೇ ಇದ್ದ ಊರಿಗೆ ವಾಪಸು ಬರುವುದು ಹೇಗೆ ಅಂತ ಅವಳನ್ನು ಯಾರೂ ಕೇಳಲಿಲ್ಲ. 70ರ ದಶಕದಲ್ಲಿ ಹಡಗು ಹತ್ತಿ ರಾಮೇಶ್ವರ, ಅಲ್ಲಿಂದ ಮಂಡಪಂ ಕ್ಯಾಂಪು, ಅಲ್ಲಿಂದ ಈ ಕಾಡು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ತಾತನಿಗೂ ಪಾಟಿಗೂ ಕೆಲಸ ಸಿಕ್ಕಿತು. ಈಗ ಅಪ್ಪ ಖಾಸಗಿಯವರ ತೋಟದಲ್ಲಿ ಅರ್ಧ ಪಾಲಿಗೆ ಟ್ಯಾಪಿಂಗ್ ಮಾಡುತ್ತಾನೆ.

ಗೋಡೆಯ ಆ ಮಾತು ಮತ್ತೆ ಎದುರಾದದ್ದು ಕಾಲೇಜಿಗೆ ಬಂದ ಮೇಲೆ. ಕಡಬದ ಕಡೆಯ ಗೆಳೆಯನೊಬ್ಬನಿದ್ದ. ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಸುರಿಯಾನಿ ಕ್ರೈಸ್ತರ ಮನೆ. 2010ರಲ್ಲಿ ಪುತ್ತೂರಿಗೇ ಅವರ ಮಲಂಕರ ಸಭೆಯ ಒಂದು ಧರ್ಮಪ್ರಾಂತ್ಯ ಆಯಿತು. ಅವರ ಪೂಜೆಯಲ್ಲಿ ಆಗಾಗ 'ಬಾರೆಕ್‌ಮೋರ್' ಅನ್ನುತ್ತಾರೆ. ಏನು ಮಾರಾಯ ಅದು ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಅವನ ಅಪ್ಪಚ್ಚನ್ ಹೇಳಿದರು: "ಒಡೆಯಾ, ಆಶೀರ್ವದಿಸು ಅಂತ ಮಗಾ. ಸುರಿಯಾನಿ ಮಾತು. ಯೇಸು ಆಡಿದ ಅರಮಾಯಿಕ್ ಭಾಷೆಯ ಕೊಂಬೆ." ಒಡೆಯನಿಗೆ ಅಲ್ಲಿ 'ಮಾರ್', 'ಮೋರ್'. ದಾನಿಯೇಲ ಅರಸನನ್ನು ಕರೆಯುವುದೂ ಆ ಮಾತಿನಿಂದಲೇ, ಪರಲೋಕದ ದೇವರನ್ನು ಹೇಳುವುದೂ ಆ ಮಾತಿನಿಂದಲೇ. ದೇವರಿಗೂ ಧಣಿಗೂ ಒಂದೇ ಮಾತು ಸಾಕು ಅನ್ನುವ ಬುದ್ಧಿ ನಮ್ಮ ಊರಿನದ್ದು ಮಾತ್ರ ಅಲ್ಲ ಹಾಗಾದರೆ.

ಅಲ್ಲಿಂದ ನಾನು ದಾನಿಯೇಲನ ಪುಸ್ತಕ ಹಿಡಿದು ಕೂತೆ. ಬೈಬಲಿನ ಹಳೆಯ ಭಾಗ ಬಹುತೇಕ ಹೀಬ್ರೂ. ಆದರೆ ಈ ಪುಸ್ತಕದ ಎರಡನೇ ಅಧ್ಯಾಯದ ನಾಲ್ಕನೇ ವಚನದಿಂದ ಏಳನೇ ಅಧ್ಯಾಯದ ಕೊನೆಯವರೆಗೆ ಅರಮಾಯಿಕ್. ಬಾಬೆಲಿನ ಅರಸ ಬೇಲ್ಶಚ್ಚರ ಸಾವಿರ ಮಂದಿ ದೊಡ್ಡವರನ್ನು ಕರೆದು, ಯೆರೂಸಲೇಮಿನಿಂದ ಕೊಳ್ಳೆ ಹೊಡೆದು ತಂದ ದೇವಾಲಯದ ಪಾತ್ರೆಯಲ್ಲಿ ಕುಡಿಯುತ್ತಾನೆ. ಆಗ ಗೋಡೆಯ ಮೇಲೆ ಬರಹ. ಆಸ್ಥಾನದ ಪಂಡಿತರಿಗೆ ಓದಲೂ ಬರುವುದಿಲ್ಲ, ಅರ್ಥ ಹೇಳಲೂ ಬರುವುದಿಲ್ಲ.

ಅದರಲ್ಲಿ ಓದಲು ಆಗದ್ದು ಏನಿತ್ತು? 1886ರಲ್ಲಿ ಕ್ಲೆರ್ಮೋ-ಗನ್ನೋ ಎಂಬ ಫ್ರೆಂಚ್ ವಿದ್ವಾಂಸ, ಇವೆಲ್ಲ ತೂಕದ ಹೆಸರುಗಳು ಅಂತ ತೋರಿಸಿದ. ಮೆನೇ ಅಂದರೆ ಮಿನ, ಒಂದು ದೊಡ್ಡ ತೂಕ. ತೆಕೇಲ್ ಅಂದರೆ ಶೆಕೆಲ್. ಬಾಬೆಲಿನಲ್ಲಿ 60 ಶೆಕೆಲಿಗೆ ಒಂದು ಮಿನ. ಪೆರೇಸ್ ಅಂದರೆ ಅರ್ಧ ಮಿನ, ಅದರ ಬಹುವಚನ ಪರ್ಸಿನ್. ಮುಂದಿನ 'ಉ' ಅಂದರೆ 'ಮತ್ತು', ಅಷ್ಟೇ. ಸಂತೆಯಲ್ಲಿ ದಿನಾ ಬೀಳುವ ಮಾತು! ಪಾವು, ಸೇರು, ಅರ್ಧ ಸೇರು ಅಂದ ಹಾಗೆ. ಆದರೆ ಆ ಲಿಪಿಯಲ್ಲಿ ಬರೀ ವ್ಯಂಜನ. ಸ್ವರ ಓದುವವನು ಹಾಕಿಕೊಳ್ಳಬೇಕು. ದಾನಿಯೇಲ ಹೆಸರುಗಳನ್ನು ಬಿಟ್ಟು ಅವುಗಳೊಳಗಿನ ಕ್ರಿಯೆ ಓದಿದ. ಎಣಿಸಿದೆ. ತೂಗಿದೆ, ಕಡಿಮೆ ಬಿದ್ದೆ. ಪಾಲಾಯಿತು. ಪೆರೇಸ್‌ನಲ್ಲಿ ಪಾರಸಿಯರ ಹೆಸರೂ ಕೇಳಿಸುತ್ತದೆ, ಕ್ರಿ.ಪೂ. 539ರಲ್ಲಿ ಬಾಬೆಲನ್ನು ಹಿಡಿದವರು ಅವರೇ. ತೆಕೇಲ್ ಅಂದಾಗ ನನಗೆ ತಕ್ಕಡಿ ಕೇಳಿಸುತ್ತದೆ. ಸಂಬಂಧ ಇಲ್ಲ, ಕವಿತೆ ಬರೆಯುವವರ ಕಿವಿಯ ಚಪಲ.

ಗೆಳೆಯರೆ, ಇಷ್ಟು ಓದಿ ನಾನು ಪುಸ್ತಕ ಮುಚ್ಚಿದೆ. ಇದು ಅರಸನ ಕತೆ ಅನ್ನಿಸಲೇ ಇಲ್ಲ, ಪಾಟಿಯ ಕತೆ ಅನ್ನಿಸಿತು. 1948ರ ಪೌರತ್ವ ಕಾನೂನು ತೋಟದ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೋ ಸಹಿ ಹಾಕಿದರು. ಒಟ್ಟು ತಲೆ 9,75,000. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಮಂದಿಯನ್ನು ಆಮೇಲೆ ನೋಡುವಾ ಅಂತ ಬಿಟ್ಟರು. 1974ರಲ್ಲಿ ಅವರನ್ನೂ ಸರೀ ಅರ್ಧ ಮಾಡಿದರು: 75,000 ಅತ್ತ, 75,000 ಇತ್ತ. ಪರ್ಸಿನ್. ಪಾಟಿಯ ಅಕ್ಕ ಅಲ್ಲಿಯ ಪಾಲಿಗೆ ಬಿದ್ದಳು, ಪಾಟಿ ಇಲ್ಲಿಯ ಪಾಲಿಗೆ. ಮತ್ತೆ ಅವರು ಒಬ್ಬರನ್ನೊಬ್ಬರು ನೋಡಿಲ್ಲ.

ನಮ್ಮ ಈ ಕಡೆಯ ಕನ್ನಡದಲ್ಲಿ 'ಎಣಿಸು' ಅಂದರೆ ಲೆಕ್ಕ ಮಾಡು ಅಂತಲೂ ಉಂಟು, ಯೋಚಿಸು ಅಂತಲೂ ಉಂಟು. "ನಾನು ಹಾಗೆ ಎಣಿಸಿರಲಿಲ್ಲ" ಅನ್ನುತ್ತೇವೆ. ಪಾಟಿಯ ತಮಿಳಿನ 'ಎಣ್ಣು' ಕೂಡ ಹಾಗೆಯೇ. ಲಕ್ಷಗಟ್ಟಲೆ ಜನರನ್ನು ಎಣಿಸಿದವರು ಅವರ ಬಗ್ಗೆ ಏನು ಎಣಿಸಿದ್ದರೋ.

ಕತೆಯಲ್ಲಿ ಇನ್ನೊಂದು ಮಾತು ನನ್ನನ್ನು ಚುಚ್ಚಿತು. ದಾನಿಯೇಲ ಎದುರಿಗೆ ಬಂದಾಗ ಅರಸ ಮೊದಲು ಕೇಳುವುದು, ನೀನು ಆ 'ಗಾಲೂತಾ'ದ ಮಕ್ಕಳಲ್ಲಿ ಒಬ್ಬನೋ ಅಂತ. ಗಾಲೂತಾ ಅಂದರೆ ನೆಲ ಬಿಡಿಸಿ ಒಯ್ದವರ ಗುಂಪು. ಈ ಮನುಷ್ಯನಿಂದ ತನಗೆ ಕೆಲಸ ಆಗಬೇಕು, ಆದರೂ ಅವನ ಹುಟ್ಟನ್ನು ನೆನಪಿಸದೆ ಅರಸನಿಗೆ ಮಾತು ಮುಂದೆ ಹೋಗುವುದಿಲ್ಲ. ನಾನು ಡಿಗ್ರಿಗೆ ಸೇರುವ ವರ್ಷ ಜಾತಿ ಸರ್ಟಿಫಿಕೇಟಿಗೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ತಾತನ ಫ್ಯಾಮಿಲಿ ಕಾರ್ಡು ತಿರುವಿ ಹಾಕಿ, "ನೀವು ಸಿಲೋನಿನವರಲ್ವಾ? ನಿಮಗೆ ಇಲ್ಲಿಯ ಜಾತಿ ಹೇಗೆ ಕೊಡುವುದು?" ಅಂದರು. ಎರಡು ವರ್ಷ ಓಡಾಡಿಸಿದರು. ಊರಿನ ಚಹಾದಂಗಡಿಯಲ್ಲಿ ತಾತನಿಗೆ ಬೇರೆ ಗ್ಲಾಸು ಕೊಡುವಾಗ ಯಾರೂ ಸರ್ಟಿಫಿಕೇಟು ಕೇಳಿರಲಿಲ್ಲ. ಗಾಲೂತಾದ ಅಕ್ಷರಗಳೇ ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ ಬರುತ್ತವೆ: 'ಗಾಲೇ ರಾಜೀನ್', ಗುಟ್ಟುಗಳನ್ನು ಬಯಲು ಮಾಡುವವನು. ನೆಲ ಬಿಡಿಸುವುದಕ್ಕೂ ಬಯಲು ಮಾಡುವುದಕ್ಕೂ ಒಂದೇ ಅಕ್ಷರ. ಗೋಡೆಯ ಬರಹ ಹೊರಗಿನವನಿಗೇ ಯಾಕೆ ಓದಲು ಬಂತು ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಇನ್ನು ಬಿಡುಗಡೆ. ಮುಂದಿನ ಅಧ್ಯಾಯದಲ್ಲಿ ದಾನಿಯೇಲನನ್ನು ಸಿಂಹದ ಗವಿಗೆ ಹಾಕುತ್ತಾರೆ. ಬೆಳಗ್ಗೆ ಇನ್ನೊಬ್ಬ ಅರಸ ಗವಿಯ ಬಾಯಿಗೆ ಬಂದು, ನಿನ್ನ ದೇವರಿಗೆ ನಿನ್ನನ್ನು ಬಿಡಿಸಲು ಆಯಿತೇ ಅಂತ ಕೇಳುತ್ತಾನೆ. ಅಲ್ಲಿಯ ಮಾತು 'ಶೇಜಿಬ್'. ಇದು ಅರಮಾಯಿಕ್ಕಿನ ಸ್ವಂತದ್ದಲ್ಲ, ಬಾಬೆಲಿನ ಒಡೆಯರ ಅಕ್ಕಾಡಿಯನ್ ಭಾಷೆಯಿಂದ ಕಡ ತಂದದ್ದು. ಅಲ್ಲಿ ಅದರ ಮೂಲ ಅರ್ಥ 'ಬಿಡು'. ಅದಕ್ಕೆ 'ಮಾಡಿಸು' ಸೇರಿಸಿದರೆ 'ಬಿಡಿಸು'. ನಮ್ಮ ಕನ್ನಡ ಮಾಡಿಕೊಂಡಂತೆಯೇ. ಆದರೆ ನನಗೆ ಹಿಡಿಸಿದ್ದು ನಾಲ್ಕನೇ ಅಧ್ಯಾಯದ ಮಾತು, 'ಪೆರುಕ್'. ಕಳಚು, ಮುರಿ, ಕೊರಳಿನ ನೊಗ ಕಿತ್ತ ಹಾಗೆ. ದಾನಿಯೇಲ ಅದನ್ನು ಹೇಳುವುದು ಸೆರೆಯವರಿಗಲ್ಲ, ಅರಸ ನೆಬೂಕದ್ನೆಚ್ಚರನಿಗೆ: ನ್ಯಾಯದಿಂದ ನಡೆದು, ನೊಂದವರಿಗೆ ಕರುಣೆ ತೋರಿಸಿ ನಿನ್ನ ಪಾಪ ಕಳಚಿಕೋ. ಸುರಿಯಾನಿಯಲ್ಲಿ ಇದೇ ಮಾತು 'ಪುರ್ಕಾನಾ' ಆಗಿ, ರಕ್ಷಣೆ ಅನ್ನುವ ಅರ್ಥಕ್ಕೆ ನಿಂತಿದೆ. ಗವಿಯಿಂದ ಒಬ್ಬನನ್ನು ಎತ್ತುವುದು ಒಂದು. ಗವಿ ಇಟ್ಟುಕೊಂಡವನ ಕೈಯಿಂದ ಅದನ್ನು ಕಳಚಿಸುವುದು ಇನ್ನೊಂದು.

ಕಳೆದ ಮಳೆಗಾಲದ ಮಾತು. ಅಪ್ಪನ ಪಾಲಿನ ಶೀಟೂ ಸ್ಕ್ರಾಪೂ ಹೊತ್ತು ಇಬ್ಬರೂ ವ್ಯಾಪಾರಿಯ ಅಂಗಡಿಗೆ ಹೋದೆವು. ನನ್ನ ಚೀಲದಲ್ಲಿ, ಕೇಳಿ ತಂದಿದ್ದ ಐದು ಕಿಲೋದ ಕಬ್ಬಿಣದ ತೂಕದ ಬಟ್ಟು ಇತ್ತು.

"ಸಾವುಕಾರ್ರೇ, ಮೊದಲು ಇದನ್ನು ಇಡಿ" ಅಂದೆ.

"ಎಂತದಾ ಇದು? ನಿನ್ನ ಮಗ ಭಾರೀ ಓದಿದ್ದಾನೆ ಮಾರಾಯ" ಅಂತ ಅಪ್ಪನ ಕಡೆ ನೋಡಿ ನಕ್ಕರು. ಅಪ್ಪ ಹೆದರಿ ನನ್ನ ಅಂಗಿ ಎಳೆದ. ನಾನೇ ಇಟ್ಟೆ. ಯಂತ್ರದ ಕೆಂಪು ಅಕ್ಷರ 4.750 ಅಂತ ನಿಂತಿತು.

"ಮಳೆ ಅಲ್ವಾ, ಥಂಡಿ ಹಿಡಿದಿರಬೇಕು" ಅಂದರು. ಒಳಗೆ ಹೋಗಿ ಬೇರೆ ತಕ್ಕಡಿ ತಂದರು. ಅಪ್ಪ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ಹಳೆಯ ಚೀಟಿಗಳನ್ನೆಲ್ಲ ತೆಗೆದು ಪಾಟಿಯ ಎದುರು ಚಾಪೆಯ ಮೇಲೆ ಒಂದೊಂದೇ ಇಟ್ಟ. ಓದಲು ಬಾರದ ಪಾಟಿ ಬೆರಳು ಮಡಚಿ ಎಣಿಸತೊಡಗಿದಳು.