ವಾರಂಟಿ ಮುಗಿಯುವ ತಿಂಗಳು

ಮೋಟಾರು ಗಾಡಿಯನ್ನಿಟ್ಟುಕೊಂಡ ಗೃಹಸ್ಥರಿಗೆ ಒಂದಲ್ಲ ಒಂದು ದಿನ ಬರತಕ್ಕ ಚಿಂತೆಯೊಂದು ಈಚೆಗೆ ಬಸವೇಶ್ವರನಗರದ ನಮ್ಮ ಮನೆಗೂ ಬಂದಿತು. 2019ನೆಯ ಇಸವಿಯಲ್ಲಿ ಕೊಂಡ ಗಾಡಿ. ಕೊಂಡಾಗ ದೊರೆತ ನಾಲ್ಕು ವರ್ಷದ ವಾರಂಟಿಯೂ, ಮೇಲೆ ಹಣ ತೆತ್ತು ಪಡೆದ ಮೂರು ವರ್ಷದ ವಾರಂಟಿಯೂ ಮುಗಿಯಲು ಒಂದೇ ತಿಂಗಳು ಉಳಿದಿತ್ತು. ಅನಂತರ ಏನು ಕೆಟ್ಟರೂ ಖರ್ಚು ನಮ್ಮದೇ. ಇಟ್ಟುಕೊಳ್ಳುವುದೋ, ಕೊಟ್ಟು ಹೊಸದನ್ನು ತರುವುದೋ?

ಸಾಧಾರಣ ಗಾಡಿಯಾಗಿದ್ದರೆ ಇಷ್ಟು ಯೋಚಿಸಬೇಕಾಗಿರಲಿಲ್ಲ. ನಮ್ಮದು ಫೋಕ್ಸ್‌ವ್ಯಾಗನ್ ಪೋಲೊ, ಅದರಲ್ಲಿಯೂ ಜಿ.ಟಿ. ಟಿ.ಎಸ್.ಐ. ಎಂಬ ವೇಗದ ಜಾತಿಯದು. ಎಂಜಿನು 1,197 ಸಿ.ಸಿ., ನೋಡುವುದಕ್ಕೆ ಚಿಕ್ಕದು. ಆದರೆ ಹೊಗೆಯಾಗಿ ಹೊರಕ್ಕೆ ಹೋಗುವ ಅನಿಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಎಂಜಿನಿನೊಳಕ್ಕೆ ಒತ್ತಿ ತುಂಬುವ ಟರ್ಬೊ ಇರುವುದರಿಂದ, 105 ಕುದುರೆಗಳ ಶಕ್ತಿಯನ್ನು ಕೊಡುತ್ತದೆ. ಪುಣೆಯ ಬಳಿಯ ಚಾಕಣದಲ್ಲಿ ನಡೆಯುತ್ತಿದ್ದ ಇದರ ತಯಾರಿಕೆ 2022ರಲ್ಲಿ ನಿಂತುಹೋಯಿತು. ಆದುದರಿಂದ ಒಮ್ಮೆ ಕೈಬಿಟ್ಟರೆ ಇಂತಹದೇ ಹೊಸದು ಸಿಕ್ಕುವಂತಿಲ್ಲ.

ಇದರ ಗೇರುಪೆಟ್ಟಿಗೆಯಲ್ಲಿ ಎರಡು ಕ್ಲಚ್ಚುಗಳಿವೆ. ಒಂದು, ಮೂರು, ಐದು, ಏಳನೆಯ ಗೇರುಗಳು ಒಂದಕ್ಕೆ. ಎರಡು, ನಾಲ್ಕು, ಆರು ಇನ್ನೊಂದಕ್ಕೆ. ಒಂದು ಗೇರು ಎಳೆಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ನಿಂತಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಅದರ ಸುಖವನ್ನು ಬಲ್ಲವರೇ ಬಲ್ಲರು. ಆದರೆ ಈ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರದ ಒಣ ಜಾತಿಯವು. ವಾಹನಗಳ ಸಂದಣಿಯಲ್ಲಿ ಇರುವೆಯಂತೆ ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಜಾರುತ್ತ ಕಾಯುತ್ತವೆ. ಆ ಕಾವನ್ನು ಒಯ್ಯುವುದಕ್ಕೆ ಎಣ್ಣೆಯಿಲ್ಲ.

ನಾವು ಕಾಗದ ಹಿಡಿದು ಕುಳಿತೆವು. ಹನ್ನೆರಡು ಲಕ್ಷದ ಹೊಸ ಗಾಡಿಯೆಂದಿಟ್ಟುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಇಪ್ಪತ್ತು ಲಕ್ಷದವರೆಗಿನ ಗಾಡಿಗೆ ನೂರಕ್ಕೆ 17ರಂತೆ ಆಜೀವ ತೆರಿಗೆಯಿರುವುದರಿಂದ ಅದೊಂದೇ 2,04,000 ರೂಪಾಯಿ; ವಿಮೆ ಬೇರೆ. ಗೇರುಪೆಟ್ಟಿಗೆ ಪೂರ್ತಿ ಕೆಟ್ಟರೂ ಎರಡು ಲಕ್ಷದ ಆಸುಪಾಸೆಂದು ತಿಳಿದವರು ಹೇಳಿದ್ದರು. ಎಂದೋ ಬರಬಹುದಾದ ನಷ್ಟಕ್ಕೆ ಹೆದರಿ, ಅಷ್ಟನ್ನೇ ಇಂದು ಖಂಡಿತವಾಗಿ ತೆರಿಗೆಗೆ ಕಟ್ಟುವುದು ಯಾವ ಜಾಣತನ? 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಗಾಡಿಗಳ ಜಿ.ಎಸ್.ಟಿ. ನೂರಕ್ಕೆ 18ಕ್ಕೆ ಇಳಿದುದು ನಿಜ. ಆದರೆ ಹೊಸದು ಅಗ್ಗವಾದರೆ ಹಳೆಯದಕ್ಕೆ ಕೊಡುವವರೂ ಕಡಿಮೆಯೇ ಕೊಡುತ್ತಾರೆ. ಈ ಲೆಕ್ಕವನ್ನು ಗೃಹಿಣಿಯ ಮುಂದೆ ಸಂಭ್ರಮದಿಂದ ಓದಿದೆವು.

ಆಕೆ ಪೂರ್ತಿ ಕೇಳಿದಳು. "ಲೆಕ್ಕ ಸರಿಯಾಗಿದೆ. ಆದರೆ ಗಾಡಿಯ ಮೇಲಿನ ಮೋಹಕ್ಕೆ ಲೆಕ್ಕದ ಅಂಗಿ ತೊಡಿಸಿದ್ದೀರಿ. ರಾತ್ರಿ ಎರಡು ಗಂಟೆಯಲ್ಲಿ ರಾಮನಗರದ ಆಚೆ ಅದು ನಿಂತುಹೋದರೆ, ಅಮ್ಮನಿಗೆ ಈ ಕಾಗದವನ್ನು ತೋರಿಸಲೆ?" ಎಂದಳು.

ಅತ್ತೆಯವರು ಮಂಡ್ಯದಲ್ಲಿ ಒಬ್ಬರೇ ಇದ್ದಾರೆ. ಹೋದ ಕಾರ್ತಿಕದಲ್ಲಿ ಅವರಿಗೆ ಉಸಿರು ಕಟ್ಟಿತೆಂದು ಪಕ್ಕದ ಮನೆಯವರಿಂದ ಸುದ್ದಿ ಬಂದಾಗ ನಡುರಾತ್ರಿ ಮೀರಿತ್ತು. ಕೆಂಗೇರಿಯನ್ನು ದಾಟಿ, 2023ರಲ್ಲಿ ಉದ್ಘಾಟನೆಯಾದ ಮೈಸೂರಿನ ಹೆದ್ದಾರಿಯನ್ನು ಹಿಡಿದೆವು. ಅಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು, ಕ್ಯಾಮರಾಗಳೂ ಕಾಯುತ್ತಿರುತ್ತವೆ. ನಮ್ಮ 105 ಕುದುರೆಗಳಲ್ಲಿ ಅರ್ಧಕ್ಕೆ ಆ ರಾತ್ರಿ ಕೆಲಸವೇ ಇರಲಿಲ್ಲ. ಬೀಗದ ಕೈ ತಿರುಗಿಸಿದೊಡನೆ ಎಂಜಿನು ಎದ್ದಿತು, ಮಂಡ್ಯದವರೆಗೆ ನಿಲ್ಲಲಿಲ್ಲ. ಹಿಂದಿನ ಪೀಠದಲ್ಲಿ ಒಂದು ಮಾತೂ ಆಡದೆ ಕುಳಿತಿದ್ದ ಆಕೆಗೆ ಅಷ್ಟೇ ಬೇಕಾಗಿತ್ತು. ಏಳು ವರ್ಷದಲ್ಲಿ ಗಾಡಿಯ ವೇಗವನ್ನು ಎಷ್ಟು ಜನರ ಮುಂದೆ ಹೊಗಳಿದ್ದೆವೋ. ನಿಲ್ಲದಿರುವ ಗುಣವನ್ನು ಒಮ್ಮೆಯಾದರೂ ಹೊಗಳಿದ ನೆನಪಿಲ್ಲ.

ಮರುದಿನ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಇಂತಹ ಗಾಡಿಗಳನ್ನೇ ನೋಡುವ ಹಿರಿಯ ಮೆಕ್ಯಾನಿಕರೊಬ್ಬರ ಬಳಿಗೆ ಹೋದೆವು. ಅವರು ಗಣಕಯಂತ್ರವನ್ನು ಜೋಡಿಸಿ ಕ್ಲಚ್ಚಿನ ಸವೆತವನ್ನು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಉಳಿದಿದೆಯೆಂದು ಹೇಳಿ, "ಸ್ವಾಮಿ, ದಿನಾ ಎಲ್ಲಿಗೆ ಓಡಿಸುತ್ತೀರಿ?" ಎಂದು ಕೇಳಿದರು. ಮಹಾತ್ಮಾ ಗಾಂಧಿ ರಸ್ತೆಯ ಕಚೇರಿಗೆ ಎಂದೆವು. "ಹಾಗಾದರೆ ಮಂಡ್ಯದ ದಾರಿಯಿಂದ ಇದಕ್ಕೆ ಅಪಾಯವಿಲ್ಲ. ಇದನ್ನು ತಿನ್ನುತ್ತಿರುವುದು ಮಾಗಡಿ ರಸ್ತೆ!" ಎಂದು ನಕ್ಕರು. 2025ರಿಂದ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಯುತ್ತಿರುವುದರಿಂದ ಇಂಧನದ ರಬ್ಬರು ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕೆಂದೂ ತಿಳಿಸಿದರು. ಅವರು ಹೇಳಿದ ಮತ್ತೊಂದು ಮಾತು ವಾಚಕರಿಗೂ ಉಪಯೋಗವಾದೀತು: ವಾರಂಟಿ ಮುಗಿಯುವ ಮುನ್ನ ಗಾಡಿಯನ್ನು ಪೂರ್ತಿ ಪರೀಕ್ಷೆಗೆ ಕೊಡಬೇಕು, ಸಣ್ಣ ಸಂದೇಹವಿದ್ದರೂ ಬಾಯಿಮಾತಿನಲ್ಲಿ ಹೇಳಿ ಬರದೆ, ತಾರೀಖಿನೊಡನೆ ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಹಾಗೆಯೇ ಮಾಡಿದೆವು. ಮನೆಯಲ್ಲಿ ತೀರ್ಮಾನವೂ ಆಯಿತು. ಷರತ್ತುಗಳನ್ನು ಹಾಕಿದವಳು ಆಕೆ. ಗಾಡಿ ಇರಲಿ, ಆದರೆ ಕಚೇರಿಗೆ ಹೋಗಕೂಡದು. ವಿಜಯನಗರದಿಂದ ಮೆಟ್ರೋ ನೇರವಾಗಿ ಹೋಗುವಾಗ ಏಳು ವರ್ಷ ಸಿಗ್ನಲ್ಲುಗಳಲ್ಲಿ ಕುಳಿತುದೇಕೆಂದು ಈಗ ನಮಗೇ ತಿಳಿಯದು. ತಿಂಗಳಿಗೆ 8,000 ರೂಪಾಯಿ ಆಕೆಯ ಹೆಸರಿನ ಬೇರೆ ಖಾತೆಗೆ ಹೋಗಬೇಕು. ಇಪ್ಪತ್ತೈದು ತಿಂಗಳಿಗೆ ಎರಡು ಲಕ್ಷವಾಗುತ್ತದೆ. ಅಲ್ಲಿಯವರೆಗಿನ ಧೈರ್ಯಕ್ಕೆ, ದಾರಿಯಲ್ಲಿ ನಿಂತರೆ ಬಂದು ಎಳೆದೊಯ್ಯುವ ಸೇವೆಗೆ ವರ್ಷದ ಚಂದಾ ಕಟ್ಟಿದೆವು. ಒಂದು ಸಲ ನಡುದಾರಿಯಲ್ಲಿ ಕೈಕೊಟ್ಟರೂ ಮರುವಾರವೇ ಮಾರತಕ್ಕದ್ದು. ಇದಕ್ಕೆ ನಾವು ಒಪ್ಪಿದೆವು, ಸ್ವಲ್ಪ ತಡವಾಗಿ.

ವಾರಂಟಿ ಮುಗಿದ ಮೇಲಿನ ಮೊದಲ ಭಾನುವಾರ ಅತ್ತೆಯವರನ್ನು ಕರೆತರಲು ಮಂಡ್ಯಕ್ಕೆ ಹೋದೆವು. ಹೋಗುವಾಗ ಪ್ರತಿಯೊಂದು ಸದ್ದಿಗೂ ಕಿವಿ ನಿಮಿರುತ್ತಿತ್ತು, ಯಾವುದೂ ಗಾಡಿಯದಲ್ಲ. ನಮ್ಮ ಚರ್ಚೆಯನ್ನೆಲ್ಲ ಮಗಳಿಂದ ಕೇಳಿದ್ದ ಅತ್ತೆಯವರು ಬಾಗಿಲು ಹಿಡಿದು, ಮೊಣಕಾಲನ್ನು ಒತ್ತಿಕೊಂಡು, ಕಷ್ಟಪಟ್ಟು ಕುಳಿತು, "ಒಂದು ತಿಂಗಳು ಯೋಚನೆ ಮಾಡಿದಿರಂತೆ, ಅಳಿಯಂದಿರೇ. ಸ್ವಲ್ಪ ಎತ್ತರದ ಗಾಡಿ ಯಾವುದೂ ಕಣ್ಣಿಗೆ ಬೀಳಲಿಲ್ಲವೆ?" ಎಂದರು.